ಕಾರ್ಬನ್ ಡೈಆಕ್ಸೈಡ್ ಹೀಟ್ ಪಂಪ್: ಎಕ್ಸ್‌ಚೇಂಜರ್ ಬದಲಿಸಬೇಕಾ?

ಕೇಳಿದ್ದು, ತೀರ್ಥಹಳ್ಳಿ ಕಡೆಯ ಹೋಂಸ್ಟೇಯಿಂದ:
ಮಳೆಗಾಲದಲ್ಲಿ ಸೋಲಾರ್ ಸಾಲದು ಅಂತ, ಗಾಳಿಯ ಶಾಖ ಎಳೆದು ನೀರು ಕಾಯಿಸುವ ಕಾರ್ಬನ್ ಡೈಆಕ್ಸೈಡ್ ಹೀಟ್ ಪಂಪ್ ಹಾಕಿಸಿದ್ದೇವೆ. ಬೆಳಿಗ್ಗೆ ನೀರು ಚೆನ್ನಾಗಿ ಕಾಯುತ್ತದೆ. ಸಂಜೆ ಮೆಷಿನ್ ಓಡುತ್ತಲೇ ಇರುತ್ತದೆ, ಬಿಸಿ ಏರುವುದಿಲ್ಲ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಅಂತ ರೂಮುಗಳಿಗೆ ನೀರು ಸುತ್ತಿಸುವ ಸಣ್ಣ ಪಂಪ್ ಕೂಡ ಇದೆ. ಗ್ಯಾಸಿನ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಹೋಗಿದೆ, ಬದಲಿಸಿ ಅಂತಿದ್ದಾರೆ. ಅನುಭವ ಇದ್ದವರು ಹೇಳಿ.

ಶಿವಮೊಗ್ಗದಿಂದ:
ದಯವಿಟ್ಟು ಈಗಲೇ ಬದಲಿಸಬೇಡಿ ಸರ್. ಬೆಳಿಗ್ಗೆ ಸರಿ ಇದ್ದು ಸಂಜೆಗೆ ಕೆಡುವ ಎಕ್ಸ್‌ಚೇಂಜರ್ ನಾನು ನೋಡಿಲ್ಲ. ನನಗೆ ಅನುಮಾನ ಆ ಸುತ್ತುವ ಪಂಪ್ ಮೇಲೆ.

ಮೆಷಿನ್ ಒಳಗೆ ಸುತ್ತುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ಅದಕ್ಕೇ ಇದರಲ್ಲಿ ಗ್ಯಾಸನ್ನು ದ್ರವ ಮಾಡುವ ಕಂಡೆನ್ಸರ್ ಬದಲು ಅದನ್ನು ಬರೀ ತಣಿಸುವ ಗ್ಯಾಸ್ ಕೂಲರ್ ಇರುತ್ತದೆ. ಅವರು ಹೇಳುವ ಎಕ್ಸ್‌ಚೇಂಜರ್ ಇದೇ. 90-100 ಬಾರ್ ಒತ್ತಡದಲ್ಲಿ ಬಿಸಿ ಗ್ಯಾಸ್ ಒಂದು ಕಡೆಯಿಂದ, ತಣ್ಣೀರು ಎದುರು ಕಡೆಯಿಂದ ಬರುತ್ತವೆ. 20 ಡಿಗ್ರಿಯ ನೀರು ಒಳಗೆ ಹೋದರೆ ಗ್ಯಾಸ್ ಪೂರ್ತಿ ತಣಿದು ತನ್ನ ಶಾಖವನ್ನೆಲ್ಲ ಕೊಡುತ್ತದೆ. ನೀರು ಒಂದೇ ಸುತ್ತಿಗೆ 65 ಡಿಗ್ರಿ ದಾಟುತ್ತದೆ. ಅದೇ 45 ಡಿಗ್ರಿಯ ನೀರು ಹೋದರೆ? ಗ್ಯಾಸ್ ಅದಕ್ಕಿಂತ ತಣ್ಣಗಾಗಲು ದಾರಿಯೇ ಇಲ್ಲ. ಶಾಖ ಅದರಲ್ಲೇ ಉಳಿಯುತ್ತದೆ, ಕಂಪ್ರೆಸರ್ ಸುಮ್ನೆ ಕರೆಂಟ್ ತಿನ್ನುತ್ತದೆ. ಇದು ಎಕ್ಸ್‌ಚೇಂಜರ್ ತಪ್ಪಲ್ಲ.

ರೂಮಿಂದ ವಾಪಸ್ ಬರುವ ಬೆಚ್ಚನೆ ನೀರು ಟ್ಯಾಂಕಿನ ತಳಕ್ಕೆ ಬಿದ್ದು ತಣ್ಣೀರನ್ನು ಕಲಕುತ್ತಿರಬೇಕು. ಆ ಪೈಪನ್ನು ಟ್ಯಾಂಕಿನ ಮೇಲ್ಭಾಗಕ್ಕೆ ಕೊಡಿಸಿ. ಪಂಪಿಗೆ ಟೈಮರ್ ಹಾಕಿ, ಜನ ಸ್ನಾನ ಮಾಡುವ ಹೊತ್ತಿಗೆ ಮಾತ್ರ ಓಡಲಿ. ಮೆಷಿನ್ನಿಗೆ ಹೋಗುವ ನೀರು ಯಾವಾಗಲೂ ತಳದ ತಣ್ಣೀರೇ ಆಗಿರಬೇಕು. ನನ್ನ ಪ್ರಕಾರ ಇಡೀ ವಿಷಯ ಇಷ್ಟೇ.

ಸಾಗರದಿಂದ:
ಮೇಲಿನವರು ಹೇಳಿದ್ದು ಸರಿ. ಆದರೂ ಎಕ್ಸ್‌ಚೇಂಜರ್ ಕಟ್ಟಿದೆಯಾ ಅಂತ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಟ್ಯಾಂಕ್ ತಣ್ಣಗಿರುವಾಗ ಗ್ಯಾಸ್ ಕೂಲರಿಗೆ ಹೋಗುವ ನೀರಿನ ಉಷ್ಣತೆ, ಅಲ್ಲಿಂದ ಹೊರಬರುವ ಗ್ಯಾಸಿನ ಉಷ್ಣತೆ ಎರಡೂ ಬರೆದಿಡಿ. ಕೆಲವೇ ಡಿಗ್ರಿ ವ್ಯತ್ಯಾಸ ಇದ್ದರೆ ಚೆನ್ನಾಗಿದೆ ಅಂತ ಅರ್ಥ. ನೀರಿನ ಹರಿವು, ಒತ್ತಡ ಅಷ್ಟೇ ಇದ್ದು ಈ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಒಳಗೆ ಏನೋ ಕೂತಿದೆ.

ನಮ್ಮದು ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು, ಸುಣ್ಣದ ಕಾಟ ಇಲ್ಲ. ಆದರೆ ಆಷಾಢದ ಮಳೆಗೆ ಕೆಂಪು ಮಣ್ಣು ಬರುತ್ತದೆ. ಪಂಪಿನ ಮುಂದಿನ ಜಾಲರಿ ತೊಳೆಯುತ್ತಲೇ ಇರಬೇಕು. ಗಡಸು ಬೋರ್ ನೀರಾದರೆ ಸುಣ್ಣ ಕಟ್ಟುತ್ತದೆ. ಅದಕ್ಕೆ ಸಿಟ್ರಿಕ್ ಆಸಿಡ್ ಸುತ್ತಿಸಿ ತೊಳೆಯುವುದುಂಟು, ನೀರಿನ ಕಡೆ ಮಾತ್ರ. ಗ್ಯಾಸ್ ಕಡೆ ಕೈ ಹಾಕಲೇಬೇಡಿ, ಆ ಒತ್ತಡ ಆಟದ ಮಾತಲ್ಲ.

ಕೊಪ್ಪದಿಂದ:
ಗಾಳಿಯಿಂದ ಶಾಖ ಎಳೆಯುವ ಹೊರಗಿನ ಕಾಯಿಲ್ ಕೂಡ ಒಂದು ಎಕ್ಸ್‌ಚೇಂಜರ್ ಅಲ್ವಾ? ಅಡಿಕೆ ಬೇಯಿಸುವ ಒಲೆಯ ಹತ್ತಿರ ಮೆಷಿನ್ ಇಟ್ಟರೆ ಹೊಗೆ, ಬೂದಿ ಕಾಯಿಲಿನ ತೆಳು ತಗಡಿನ ಫಿನ್ನುಗಳಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಗಾಳಿಯ ಶಾಖ ಸಿಗುವುದು ಕಡಿಮೆ. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರು ಪ್ರೆಶರ್ ಬೇಡ, ಫಿನ್ ಮಡಚುತ್ತದೆ.

ಶಿವಮೊಗ್ಗದಿಂದ ಮತ್ತೆ:
ಸಂಜೆ ಒಳಹೋಗುವ ನೀರಿನ ಉಷ್ಣತೆ ನೋಡಿ ಇಲ್ಲಿ ಹಾಕಿ ಸರ್. ಸುತ್ತುವ ಪಂಪ್ ನಿಲ್ಲಿಸಿ ಒಂದು ಸಲ, ಓಡಿಸಿ ಒಂದು ಸಲ. ಅಲ್ಲಿವರೆಗೆ ಹೊಸ ಎಕ್ಸ್‌ಚೇಂಜರಿಗೆ ಅಡ್ವಾನ್ಸ್ ಕೊಡಬೇಡಿ.