‘ಐ ವರ್ಕ್ ಹಾರ್ಡ್ಲಿ’ ಅಂತ ಬರೆದರೆ ತಪ್ಪೇ?

ಪ್ರಶ್ನೆ: ಮೇಡಂ, ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್ಲಿ’ ಅಂತ ಬರೆದಿದ್ದೆ. ಕಳಿಸುವ ಮೊದಲು ಅಕ್ಕ ನೋಡಿ, ಬೇಡವೇ ಬೇಡ ಅಂದಳು. ಕ್ವಿಕ್ ಹೋಗಿ ಕ್ವಿಕ್ಲಿ, ಸ್ಲೋ ಹೋಗಿ ಸ್ಲೋಲಿ ಆಗುತ್ತದೆ. ಹಾರ್ಡ್ ಯಾಕೆ ಹಾರ್ಡ್ಲಿ ಆಗಬಾರದು?

ಉತ್ತರ (ಇಂಗ್ಲಿಷ್ ಶಿಕ್ಷಕಿ): ಅಕ್ಕ ತಡೆದದ್ದು ಒಳ್ಳೆಯದಾಯಿತು. ನೀವು ಬರೆದದ್ದನ್ನು ಓದಿದವರಿಗೆ ‘ನಾನು ಕೆಲಸ ಮಾಡುವುದೇ ಇಲ್ಲ ಅನ್ನುವಷ್ಟು ಕಮ್ಮಿ’ ಅಂತ ಅನಿಸುತ್ತದೆ. ‘ಐ ವರ್ಕ್ ಹಾರ್ಡ್’ ಅಂತ ಬರೆಯಿರಿ, ಸಾಕು. ಹಾರ್ಡ್ ಅನ್ನುವುದು ಹಾಗೇ ಕ್ರಿಯಾವಿಶೇಷಣವೂ ಹೌದು, ಫಾಸ್ಟ್ ಇದ್ದ ಹಾಗೆ.

ಆದರೆ ನಿಮ್ಮ ಲೆಕ್ಕ ದಡ್ಡತನದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಹಾರ್ಡ್ಲಿಗೆ ಗಟ್ಟಿಯಾಗಿ, ಜೋರಾಗಿ ಅನ್ನುವ ಅರ್ಥವೇ ಇತ್ತು. ಆಮೇಲೆ ‘ಕಷ್ಟಪಟ್ಟು’ ಅಂತಾಯಿತು. ಕಷ್ಟಪಟ್ಟು ಆಗುವ ಕೆಲಸ ಆಗದೇ ಇರುವುದೇ ಜಾಸ್ತಿ, ಅಲ್ವಾ? ಹಾಗೆ ಅರ್ಥ ‘ಇಲ್ಲ’ದ ಕಡೆಗೆ ಜಾರಿತು. ನಮ್ಮಲ್ಲೂ ‘ಅವನು ಇವತ್ತು ಬರೋದು ಕಷ್ಟ’ ಅಂದರೆ ಬರುವುದು ಅನುಮಾನ ಅಂತ ತಾನೇ? ಕಷ್ಟ ಅನ್ನುವ ಮಾತು ಎರಡೂ ಭಾಷೆಯಲ್ಲಿ ಒಂದೇ ದಾರಿ ಹಿಡಿದದ್ದು ನನಗೆ ತುಂಬಾ ಇಷ್ಟ.

ಮರುಪ್ರಶ್ನೆ: ಹಾಗಾದರೆ ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ ‘ಐ ಕಾಂಟ್ ಹಾರ್ಡ್ಲಿ ಹಿಯರ್ ಯು’ ಅನ್ನಬಹುದಾ?

ಉತ್ತರ: ಬೇಡ. ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’ ಅನ್ನಿ. ನಾವು ‘ಕೇಳಿಸ್ತಾನೇ ಇಲ್ಲ’ ಅನ್ನುತ್ತೇವೆ, ಆ ‘ಇಲ್ಲ’ ಇಂಗ್ಲಿಷಿಗೂ ಬಂದುಬಿಡುತ್ತದೆ. ಹಾರ್ಡ್ಲಿಯ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇದೆ, ಇನ್ನೊಂದು ಬೇಕಿಲ್ಲ. ‘ಶೀ ಹಾರ್ಡ್ಲಿ ಸ್ಪೀಕ್ಸ್’ ಆದ ಮೇಲೆ ‘ಡಸ್ ಶೀ?’ ಅಂತ ಕೇಳುವುದೂ ಅದಕ್ಕೇ. ‘ಡಸಂಟ್ ಶೀ?’ ಬರುವುದಿಲ್ಲ. ಜಾಗವನ್ನೂ ನೋಡಿಕೊಳ್ಳಿ: ಕ್ಯಾನ್, ಕುಡ್ ಇದ್ದರೆ ಅದರ ನಂತರ, ಇಲ್ಲದಿದ್ದರೆ ಮುಖ್ಯ ಕ್ರಿಯಾಪದದ ಮುಂಚೆ.

ಇನ್ನೊಬ್ಬ ಸದಸ್ಯರು: ನಮ್ಮ ಆಫೀಸಿನಲ್ಲಿ ಎಲ್ಲರೂ ‘ಹಾರ್ಡ್ಲಿ ಹತ್ತು ನಿಮಿಷ ಆಗುತ್ತೆ’ ಅನ್ನುತ್ತಾರೆ. ಅದೂ ತಪ್ಪಾ?

ಉತ್ತರ: ಕನ್ನಡದ ಮಾತಿನ ನಡುವೆ ಅದು ‘ಅಬ್ಬಬ್ಬಾ ಅಂದರೆ ಹತ್ತು ನಿಮಿಷ’ ಅಂತ ನಿಂತುಬಿಟ್ಟಿದೆ. ಅಲ್ಲಿ ಸುಮ್ನೆ ತಿದ್ದಲು ಹೋಗಬೇಡಿ. ಆದರೆ ಹೊರದೇಶದ ಕ್ಲೈಂಟ್‌ಗೆ ಮೇಲ್ ಬರೆಯುವಾಗ ‘ಅಟ್ ಮೋಸ್ಟ್ ಟೆನ್ ಮಿನಿಟ್ಸ್’ ಅಂತ ಹಾಕಿ. ಅವರ ಕಿವಿಗೆ ಹಾರ್ಡ್ಲಿ ಅಂದರೆ ‘ಹತ್ತೂ ಆಗಲಿಕ್ಕಿಲ್ಲ’ ಅಂತ ಕೇಳಿಸುತ್ತದೆ. ಹನ್ನೊಂದಾದರೆ ಅವರು ಕಾಯುತ್ತಾ ಕೂತಿರುತ್ತಾರೆ.