ಅಪ್‌ಡೇಟ್: ಹೋಟೆಲ್ ಕೋಣೆಯ ಮಿನಿ ಫ್ರಿಜ್‌ನಲ್ಲಿ ಅಪ್ಪನ ಊಟ

ಅಪ್ಪನ ಚಿಕಿತ್ಸೆಗೆಂದು ವೆಲ್ಲೂರಿನಲ್ಲಿ ಉಳಿದಿರುವಾಗ, ಬಂಧುಗಳ ಮನೆಯಿಂದ ಬರುವ ಅನ್ನ, ಬೇಳೆಕಟ್ಟು, ಮೊಸರನ್ನು ಕೋಣೆಯ ಮಿನಿ ಫ್ರಿಜ್‌ನಲ್ಲಿ ಇಡಬಹುದೇ ಎಂದು ಕೇಳಿದ್ದೆ. ಕೈಗೆ ತಣ್ಣಗೆ ಅನಿಸಿದರೆ ಸಾಲದು, ಅಳೆದು ನೋಡಿ ಎಂದವರಿಗೆ ಮನಸಾರೆ ಕೃತಜ್ಞತೆಗಳು.

ಅಡುಗೆಯ ಥರ್ಮಾಮೀಟರನ್ನು ನೀರಿನ ಲೋಟದಲ್ಲಿ ಮುಳುಗಿಸಿ ರಾತ್ರಿಯಿಡೀ ಒಳಗಿಟ್ಟೆ. ಬೆಳಿಗ್ಗೆ 11 ಡಿಗ್ರಿ ಸೆಲ್ಸಿಯಸ್! ಬೇಕಾದದ್ದು 5 ಅಥವಾ ಅದಕ್ಕಿಂತ ಕಡಿಮೆ. ಹಿಂಬದಿಗೆ ಕಿವಿಗೊಟ್ಟರೆ ಸದ್ದೇ ಇಲ್ಲ. ಕಂಪ್ರೆಸರ್ ಇಲ್ಲದ, ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪು ಮಾಡುವ ಬಗೆಯದು. ನಿದ್ದೆ ಕೆಡಿಸದು, ನಿಜ. ಆದರೆ ಕೋಣೆ ಬಿಸಿಯೇರಿದಂತೆ ಅದರ ಶಕ್ತಿ ಉಡುಗುತ್ತದೆ. ಮೇಲಾಗಿ ಹೊರಗೆ ಹೋಗುವಾಗ ಕೋಣೆಯ ಕೀ ಕಾರ್ಡ್ (ಬೀಗ ತೆರೆಯುವ ಕಾರ್ಡ್) ತೆಗೆದೊಡನೆ ಫ್ರಿಜ್‌ನ ವಿದ್ಯುತ್ತೂ ಹೋಗುತ್ತಿತ್ತು.

ಕೇಳಿದಾಗ, ವಿದ್ಯುತ್ ಹೋಗದಿರಲೆಂದು ಹೋಟೆಲಿನವರು ಇನ್ನೊಂದು ಕಾರ್ಡ್ ಕೊಟ್ಟರು. ಗಾಳಿಯಾಡಲೆಂದು ಫ್ರಿಜ್ಜನ್ನು ಗೋಡೆಯಿಂದ ಅಂಗೈಯಗಲ ಮುಂದಕ್ಕೆ ಎಳೆದೆವು. 8ಕ್ಕೆ ಇಳಿದು ಅಲ್ಲೇ ನಿಂತಿತು. ಅನ್ನಕ್ಕೆ ಅದು ಸಾಲದು. ಬೇಯಿಸಿದರೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನದಲ್ಲಿ ಇರಬಹುದು. ಅವು ಮೊಳೆತು, ಬೆಳೆದು, ವಾಂತಿ ಬರಿಸುವ ವಿಷ ಬಿಟ್ಟರೆ ಮತ್ತೆ ಕಾಯಿಸಿದರೂ ಅದು ಹೋಗದು. ಚಿಕಿತ್ಸೆಯಲ್ಲಿರುವವರ ಊಟದಲ್ಲಿ ಇದನ್ನು ಲಘುವಾಗಿ ಕಾಣಲು ನನಗಂತೂ ಧೈರ್ಯವಿಲ್ಲ.

ಕೊನೆಗೆ ಹೋಟೆಲಿನ ಅಡುಗೆಮನೆಯವರನ್ನೇ ಒಪ್ಪಿಸಿದೆ. ಅವರ ದೊಡ್ಡ ಫ್ರಿಜ್‌ನಲ್ಲಿ 3 ಡಿಗ್ರಿ. ಡಬ್ಬಿಯ ಮೇಲೆ ಕೋಣೆಯ ಸಂಖ್ಯೆ, ತಾರೀಖು ಬರೆದು, ಅಡುಗೆಯಾದ ಎರಡು ಗಂಟೆಯೊಳಗೆ ತಲುಪಿಸುತ್ತೇನೆ. ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಸಿ ಬಡಿಸುತ್ತೇನೆ. ಮಿನಿ ಫ್ರಿಜ್‌ನಲ್ಲಿ ಈಗ ನೀರಿನ ಬಾಟಲಿ, ಇಡೀ ಮೂಸಂಬಿ ಮಾತ್ರ.