ಡ್ರೆಸಾಜ್‌ಗೆ ಮೊದಲ ಸ್ವಂತ ಕುದುರೆ: ವಾರ್ಮ್‌ಬ್ಲಡ್ಡಾ, ಆಂಡಲೂಸಿಯನ್ನಾ, ರೇಸ್ ಬಿಟ್ಟ ಥರೋಬ್ರೆಡ್ಡಾ?

ಜೀನುಪ್ರಿಯೆ:
ಎಲ್ರಿಗೂ ನಮಸ್ಕಾರ. ವಯಸ್ಸು 43, ನಾಲ್ಕು ವರ್ಷದಿಂದ ಕೋಚ್ ಕುದುರೆಗಳ ಮೇಲೇ ಡ್ರೆಸಾಜ್ (ಜಡ್ಜ್ ಮುಂದೆ ಕುದುರೆ ನಡಿಗೆ, ತಿರುವು ಎಲ್ಲಾ ನಿಖರವಾಗಿ ತೋರಿಸೋ ಸವಾರಿ) ಕಲೀತಿದೀನಿ, ಕೆಲ್ಸ ಮನೆ ಎಲ್ಲಾ ನೋಡ್ಕೊಂಡು ವಾರಕ್ಕೆ ಮೂರು ದಿನ ಸಿಕ್ಕಿದ್ರೆ ಪುಣ್ಯ. ಈಗ ಸ್ವಂತಕ್ಕೆ ಒಂದು ತಗೊಳ್ಳೋಣ ಅಂತಿದೀನಿ. ದೊಡ್ಡ ಆಸೆ ಏನಿಲ್ಲ, 20ಕ್ಕೆ 40 ಮೀಟರ್ ಅರೀನಾದ ಸಣ್ಣ ಟೆಸ್ಟ್‌ಗಳು, ಆಮೇಲೆ ಶೋಲ್ಡರ್-ಇನ್ (ಕುದುರೆ ಭುಜ ಒಳಕ್ಕೆ ತಂದು ಓರೆಯಾಗಿ ನಡೆಸೋದು), ದೇವ್ರು ಕಣ್ಬಿಟ್ರೆ ಒಂದಿನ ಫ್ಲೈಯಿಂಗ್ ಚೇಂಜ್ (ಓಡ್ತಾ ಓಡ್ತಾನೇ ಮುಂದಿಡೋ ಕಾಲು ಬದಲಿಸೋದು).

ಮೂರು ಕುದುರೆ ನೋಡಿದ್ದಾಯ್ತು: 6 ವರ್ಷದ ಹ್ಯಾನೋವೇರಿಯನ್ (ಜರ್ಮನಿಯ ವಾರ್ಮ್‌ಬ್ಲಡ್, ಅಂದ್ರೆ ಸ್ಪರ್ಧೆಗೆ ಅಂತ್ಲೇ ಬೆಳೆಸಿದ ತಳಿ), 12 ವರ್ಷದ ಆಂಡಲೂಸಿಯನ್ (ಸ್ಪೇನಿನ ತಳಿ) ಗೆಲ್ಡಿಂಗ್, ಅಂದ್ರೆ ಬೀಜ ತೆಗೆಸಿದ ಗಂಡು, ರೇಸ್ ಬಿಟ್ಟು ಬಂದಿರೋ ಥರೋಬ್ರೆಡ್. ಕೋಚ್ ಕಣ್ಣೆಲ್ಲಾ ಹ್ಯಾನೋವೇರಿಯನ್ ಮೇಲೆ. ಹೊರಗೆ ನಿಂತು ನೋಡಿದ್ರೆ ಅದರ ಟ್ರಾಟ್ (ಕುಲುಕು ಓಟ) ಗಾಳೀಲಿ ತೇಲ್ದಂಗಿದೆ, ಆದ್ರೆ ನಾನು ಹತ್ತಿ ಸಿಟ್ಟಿಂಗ್ ಟ್ರಾಟ್ (ಜೀನಿನಿಂದ ಏಳದೇ ಕೂತೇ ಓಡಿಸೋದು) ಮಾಡಿದ್ರೆ ಮೊರದಲ್ಲಿ ಅಕ್ಕಿ ಕೇರಿದಂಗೆ ಹಾರ್ತಿದ್ದೆ, ಎರಡು ಸುತ್ತಿಗೆ ಸೊಂಟ ಹೋಯ್ತು. ಬ್ರೀಡ್ ನೋಡಿ ತಗೋಬೇಕಾ ಬೇಡ್ವಾ?

ಎಡಲಗಾಮು:
ಮೇಡಂ, ಉತ್ರ ನಿಮ್ಮ ಸೊಂಟನೇ ಹೇಳಿದೆಯಲ್ಲ :) ನಾನೂ ಇದೇ ಹಳ್ಳಕ್ಕೆ ಬಿದ್ದೋನು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಲೆಗ್ರೊ ಅನ್ನೋ ಕುದುರೆ ಡ್ರೆಸಾಜ್ ಚಿನ್ನ ಗೆದ್ದಿದ್ದು ನೋಡಿ ತಲೆ ಕೆಟ್ಟು, ಅದೇ ಬ್ರೀಡ್ ಬೇಕು ಅಂತ 5 ವರ್ಷದ ಡಚ್ ವಾರ್ಮ್‌ಬ್ಲಡ್ ತಂದೆ. ಅಷ್ಟು ದೊಡ್ಡ ಟ್ರಾಟ್‌ಗೆ ಕೂರಕ್ಕಾಗ್ದೆ ಲಗಾಮಿಗೆ ಜೋತುಬೀಳ್ತಿದ್ದೆ, ಬಾಯಿ ನೋವಾಗಿ ಅದು ಬೆನ್ನು ಬಿಗಿ ಮಾಡ್ಕೊಳ್ತು, ಬೆನ್ನು ಬಿಗಿಯಾದ ಮೇಲೆ ನನ್ನನ್ನ ಇನ್ನೂ ಎತ್ತಿ ಎತ್ತಿ ಹಾಕ್ತು, ಆರು ತಿಂಗಳಲ್ಲಿ ಒಂದು 20 ಮೀಟರ್ ಸರ್ಕಲ್ಲೂ ನೆಟ್ಟಗೆ ಬರದಂಗಾಯ್ತು. ಕುದುರೆದೇನೂ ತಪ್ಪಿಲ್ಲ, ಈಗಿನ ಸ್ಪೋರ್ಟ್ ಲೈನ್‌ಗಳ (ಸ್ಪರ್ಧೆಗೆ ಬೆಳೆಸಿದ ವಂಶಗಳ) ಆ ನಡಿಗೆ ದಿನಾ ನಾಲ್ಕೈದು ಕುದುರೆ ಹತ್ತೋ ಪ್ರೊಫೆಷನಲ್‌ಗೆ ಹೇಳಿ ಮಾಡ್ಸಿದ್ದು.

ಇನ್ನೊಂದು, ಎಲ್ರೂ ಟ್ರಾಟ್ ನೋಡಿ ಮರುಳಾಗ್ತಾರೆ. ಟ್ರಾಟ್ ಟ್ರೇನಿಂಗ್‌ನಲ್ಲಿ ಸುಧಾರಿಸುತ್ತೆ, ವಾಕ್ (ನಡಿಗೆ) ಮತ್ತೆ ಕ್ಯಾಂಟರ್ (ಟ್ರಾಟ್‌ಗಿಂತ ಜೋರಿನ ಮೂರು ತಾಳದ ಓಟ) ಮುಕ್ಕಾಲು ಪಾಲು ಹುಟ್ಟಿನಿಂದ ಬಂದಿದ್ದೇ. ಲಗಾಮು ಉದ್ದ ಬಿಟ್ಟು ನಡೆಸಿ, ಕಣ್ಮುಚ್ಚಿ ಗೊರಸಿನ ಸದ್ದು ಕೇಳಿ. ನಾಲ್ಕು ತಾಳ ಬಿಡಿಬಿಡಿಯಾಗಿ ಬರ್ಬೇಕು. ಒಂದೇ ಪಕ್ಕದ ಎರಡು ಕಾಲು ಒಂಟೆ ಥರ ಜೊತೆಗೆ ಬಿದ್ರೆ ಜಡ್ಜ್ ಹತ್ತಕ್ಕೆ 5ಕ್ಕಿಂತ ಮೇಲೆ ಕೊಡಲ್ಲ, ಸುಮಾರು ಟೆಸ್ಟ್‌ಗಳಲ್ಲಿ ವಾಕ್‌ಗೆ ಡಬಲ್ ಮಾರ್ಕ್ಸ್ ಬೇರೆ.

ಗೊರಸಿನಸದ್ದು:
ಥರೋಬ್ರೆಡ್ ಅಂದ್ರೆ ಎಲ್ರೂ ಮೂಗು ಮುರೀತಾರೆ, 1976ರ ಮಾಂಟ್ರಿಯಲ್‌ನಲ್ಲಿ ಅಮೆರಿಕ ಟೀಮ್ ಕಂಚು ಗೆದ್ದಾಗ ಹಿಲ್ಡಾ ಗರ್ನಿ ಹತ್ತಿದ್ದ ಕೀನ್ ಅನ್ನೋ ಕುದುರೆ ಥರೋಬ್ರೆಡ್ಡೇ ಸ್ವಾಮಿ. ಆದ್ರೂ ಇವರ ಟೈಮ್‌ಗೆ ಸರಿಹೋಗಲ್ಲ ಅಂತ ನಾನೇ ಹೇಳ್ತೀನಿ. ನಾನು ಎರಡನ್ನ ರೇಸ್‌ನಿಂದ ತಂದು ತಿದ್ದಿದೀನಿ. ಮೌಂಟಿಂಗ್ ಬ್ಲಾಕ್ (ಕುದುರೆ ಹತ್ತೋಕೆ ಇಡೋ ಮೆಟ್ಟಿಲು) ಹತ್ರ ನಿಲ್ಲಕ್ಕೇ ಗೊತ್ತಿರ್ಲಿಲ್ಲ ಅವಕ್ಕೆ, ಜಾಕಿಗಳನ್ನ ನಡೀತಾ ಇರೋವಾಗ್ಲೇ ಮೇಲೆ ಎತ್ತಿ ಕೂರಿಸ್ತಾರಲ್ಲ. ಲಗಾಮು ಬಿಗಿ ಹಿಡಿದ್ರೆ ನಿಲ್ಲೋ ಬದಲು ಅದಕ್ಕೇ ಒರಗಿ ಇನ್ನೂ ಓಡ್ತವೆ, ಹಾಗೇ ಕಲಿಸಿರೋದು. ಇದನ್ನ ಮರೆಸೋಕೆ ಒಂದು ವರ್ಷ ಇಡಿ, ಅದೂ ವಾರಕ್ಕೆ ಐದು ದಿನ ಹತ್ತಿದ್ರೆ.

ಬೂದುಕುದುರೆ:
ಅಕ್ಕಾ, ಆಂಡಲೂಸಿಯನ್ ತಗೊಳ್ಳಿ. ಟ್ರಾಟ್ ಮೇಲೆ ಸೋಫಾ ಥರ ಕೂರ್ಬೋದು, ಹಿಂಗಾಲು ಒಳಗೆ ತಂದು ಮೈ ಕೂಡಿಸೋದು ಅದಕ್ಕೆ ಹುಟ್ಟುಗುಣ. ಮೀಡಿಯಂ ಟ್ರಾಟ್‌ನಲ್ಲಿ ಹೆಜ್ಜೆ ಉದ್ದ ಮಾಡೋ ಬದಲು ಮೊಣಕಾಲು ಮೇಲೆತ್ತಿ ಬೇಗಬೇಗ ಹೋಗುತ್ತೆ, ಅಲ್ಲಿ ಅರ್ಧ ಒಂದು ಮಾರ್ಕ್ ಹೋಗುತ್ತೆ, ಹೋಗ್ಲಿ ಬಿಡಿ.

ಒಂದು ಮೋಸ ಮಾತ್ರ ಗೊತ್ತಿರ್ಲಿ. ಕತ್ತು ಸುರುಳಿ ಸುತ್ಕೊಂಡು ಗದ್ದ ಎದೆಗೆ ತಾಗಿಸ್ಬಿಡುತ್ತೆ, ಕೈಯಲ್ಲಿ ಭಾರನೇ ಇರಲ್ಲ, ನಮಗೆ ಆಹಾ ಎಷ್ಟು ಹಗುರ ಅನ್ಸುತ್ತೆ. ಅದು ಕಾಂಟ್ಯಾಕ್ಟ್ (ಕೈಗೂ ಕುದುರೆ ಬಾಯಿಗೂ ಲಗಾಮಿನಲ್ಲಿ ಇರೋ ಹಗುರ ಹಿಡಿತ) ಅಲ್ಲ, ತಪ್ಪಿಸ್ಕೊಳ್ಳೋದು. ಟ್ರಯಲ್‌ನಲ್ಲಿ ಲಗಾಮು ನಿಧಾನಕ್ಕೆ ಬಿಡ್ತಾ ಹೋಗಿ, ಮೂತಿ ಕೆಳಗೆ ಮುಂದಕ್ಕೆ ಚಾಚಿದ್ರೆ ಒಳ್ಳೇದು, ಅಲ್ಲೇ ಸುರುಳಿ ಹಾಕಿದ್ರೆ ತಿದ್ದೋಕೆ ತುಂಬಾ ದಿನ ಬೇಕು.

ಗುಂಡುಹ್ಯಾಫ್ಲಿಂಗರ್:
ನನ್ನ ಹ್ಯಾಫ್ಲಿಂಗರ್‌ನ (ಆಲ್ಪ್ಸ್ ಬೆಟ್ಟದ ಗಿಡ್ಡ ತಳಿ) ಯಾರೂ ಕೇಳಲ್ಲ ನೋಡಿ 😄 ಬೆನ್ನು ಊಟದ ಟೇಬಲ್ ಥರ, ಜೀನು ಜಾರುತ್ತೆ, ಕ್ಯಾಂಟರ್ ಹತ್ತೋಕೆ ಮುಹೂರ್ತ ನೋಡ್ಬೇಕು. ಆದ್ರೆ ಹದಿನೈದು ದಿನ ಹತ್ತದೇ ಬಿಟ್ಟು ಬಂದ್ರೂ ಅದೇ ಕುದುರೆ ಸಿಗುತ್ತೆ. ಮೂರು ದಿನದ ಸವಾರಿಗೆ ಇದಕ್ಕಿಂತ ಏನು ಬೇಕು?

ಜೀನುಪ್ರಿಯೆ:
ಎಲ್ರಿಗೂ ಥ್ಯಾಂಕ್ಸ್. ಶನಿವಾರ ಆಂಡಲೂಸಿಯನ್‌ನ ಮತ್ತೆ ನೋಡೋಕೆ ಹೋಗ್ತಿದೀನಿ, ಲಗಾಮು ಬಿಡೋ ಟೆಸ್ಟ್ ಖಂಡಿತ ಮಾಡ್ತೀನಿ. ವೆಟ್ ಹತ್ರ ಹಿಂಗಾಲಿನ ಗಂಟುಗಳ ಎಕ್ಸ್‌ರೇನೂ ತೆಗೆಸ್ಬೇಕಾ, 12 ವರ್ಷ ಅಂತ ಕೇಳಿದೆ.

ಎಡಲಗಾಮು:
ತೆಗೆಸಿ. ಮತ್ತೆ ಅರ್ಧ ಗಂಟೆ ಮುಂಚೆನೇ ಹೋಗಿ, ನೀವು ಬರೋ ಮೊದ್ಲೇ ಹತ್ತಿ ಸುಸ್ತು ಮಾಡ್ಸಿ ಇಟ್ಟಿದಾರಾ ಅಂತ ಜೀನಿನ ಜಾಗ ಮುಟ್ಟಿ ನೋಡಿ, ಬೆವರಿದ್ರೆ ಗೊತ್ತಾಗುತ್ತೆ.